ನೀಲಿ ಸಿಲಿಂಡರಿನ ತೂಕ

ನಾನು ಅರಿವಳಿಕೆ ವೈದ್ಯೆ. ನಮ್ಮಂಥ ಸಣ್ಣ ಊರುಗಳಲ್ಲಿ ಅರಿವಳಿಕೆ ವೈದ್ಯರು ಒಂದೇ ಆಸ್ಪತ್ರೆಗೆ ಸೇರಿದವರಾಗಿರುವುದು ಅಪರೂಪ. ಬೆಳಿಗ್ಗೆ ಒಂದು ನರ್ಸಿಂಗ್ ಹೋಮಿನಲ್ಲಿ ಸಿಸೇರಿಯನ್, ಮಧ್ಯಾಹ್ನ ಇನ್ನೊಂದರಲ್ಲಿ ಹರ್ನಿಯಾ, ರಾತ್ರಿ ಊಟಕ್ಕೆ ಕೂರುವ ಹೊತ್ತಿಗೆ ಮತ್ತೊಂದರಿಂದ ಅಪೆಂಡಿಕ್ಸ್‌ಗೆಂದು ಕರೆ, ಹೀಗೆ ಬ್ಯಾಗು ಹಿಡಿದು ಓಡಾಡುವುದೇ ನಮ್ಮ ವೃತ್ತಿ. ಹಾಗೆ ನಾನು ಹೋಗಿಬರುವ ಒಂದು ಕಡೆಯ ಓಟಿ ಟೆಕ್ನಿಷಿಯನ್ ಒಂದು ಸಂಜೆ ನನ್ನ ಬಳಿ ಬಂದು, "ಮೇಡಂ, ಈ ತಿಂಗಳು ಕೇಸು ಕಡಿಮೆ ಇತ್ತು. ಆದ್ರೂ ನೈಟ್ರಸ್ ಸಿಲಿಂಡರ್ ಮಾತ್ರ ಹೋದ ತಿಂಗಳಷ್ಟೇ ಬದಲಾಯಿಸಿದೀನಿ. ಲೆಕ್ಕ ಕೂಡ್ತಾ ಇಲ್ಲ" ಎಂದರು. ಹದಿನೈದು ವರ್ಷಗಳಿಂದ ಸಿಲಿಂಡರು ಹೊತ್ತು, ವಾಲ್ವು ತಿರುಗಿಸಿ, ಚೀಟಿ ಬರೆದಿಟ್ಟ ಮನುಷ್ಯ. ಅವರ ಮಾತನ್ನು ತಳ್ಳಿಹಾಕುವಂತಿರಲಿಲ್ಲ.

ನೈಟ್ರಸ್ ಎಂದರೆ ನೈಟ್ರಸ್ ಆಕ್ಸೈಡ್, ಅರಿವಳಿಕೆಗೆಂದು ಉಸಿರಿನಲ್ಲಿ ಕೊಡುವ ಅನಿಲ. ಅದರ ಲೆಕ್ಕ ಹಿಡಿಯುವುದು ಸುಲಭವಲ್ಲ. ಆಮ್ಲಜನಕದ ಸಿಲಿಂಡರಿನಲ್ಲಿರುವುದು ಒತ್ತಿ ತುಂಬಿದ ಅನಿಲ. ಬಳಸಿದಷ್ಟೂ ಒತ್ತಡ ತೋರಿಸುವ ಗೇಜಿನ ಮುಳ್ಳು ಇಳಿಯುತ್ತದೆ, ಅರ್ಧ ಖಾಲಿಯಾದರೆ ಮುಳ್ಳೂ ಅರ್ಧಕ್ಕೆ ಬಂದಿರುತ್ತದೆ. ನೈಟ್ರಸ್ ಆಕ್ಸೈಡ್ ಹಾಗಲ್ಲ, ಅದು ಸಿಲಿಂಡರಿನೊಳಗೆ ಬಹುಮಟ್ಟಿಗೆ ದ್ರವವಾಗಿ ನಿಂತಿರುತ್ತದೆ. ಮೇಲಿನ ಅನಿಲವನ್ನು ನಾವು ಎಳೆದುಕೊಂಡಂತೆಲ್ಲ ಕೆಳಗಿನ ದ್ರವ ಆವಿಯಾಗಿ ಆ ಜಾಗವನ್ನು ತುಂಬುತ್ತ ಹೋಗುವುದರಿಂದ, ದ್ರವ ಪೂರ್ತಿ ಮುಗಿಯುವವರೆಗೂ ಮುಳ್ಳು 50 ಬಾರ್ ಆಸುಪಾಸಿನಲ್ಲೇ ನಿಂತಿರುತ್ತದೆ, ಮುಗಿದ ಮೇಲೆ ಒಮ್ಮೆಲೇ ಕೆಳಗಿಳಿಯುತ್ತದೆ. ಮನೆಯ ಅಡುಗೆ ಅನಿಲದ್ದೂ ಇದೇ ಸ್ವಭಾವ. ಅದಕ್ಕೇ ನಾವು ಆ ಸಿಲಿಂಡರನ್ನು ಎತ್ತಿ, ಅಲ್ಲಾಡಿಸಿ ಎಷ್ಟು ಉಳಿದಿದೆಯೆಂದು ಅಂದಾಜು ಮಾಡುತ್ತೇವೆ. ಹಾಗಾಗಿ ನೈಟ್ರಸ್ ಎಲ್ಲೋ ಸೋರುತ್ತಿದ್ದರೆ ಗೇಜು ಅದನ್ನು ಹೇಳುವುದಿಲ್ಲ. ತೂಕ ಮಾತ್ರ ಹೇಳುತ್ತದೆ.

ತೂಗಿಯೇ ನೋಡೋಣ ಎಂದೆ. ಟೆಕ್ನಿಷಿಯನ್ನರ ಭಾವನವರಿಗೆ ಅಡಿಕೆ ವ್ಯಾಪಾರವಿತ್ತು. ಮೂಟೆ ತೂಗುವ ಅವರ ತೂಕದ ಯಂತ್ರ ಶನಿವಾರ ಸಂಜೆ ಆಟೋದಲ್ಲಿ ಬಂದಿತು. ಆಸ್ಪತ್ರೆಯ ಹಿಂಭಾಗದಲ್ಲಿ, ನೀರಿನ ಟ್ಯಾಂಕಿನ ಪಕ್ಕದ ಸಣ್ಣ ಶೆಡ್ಡಿನಲ್ಲಿ, ಎರಡು ಆಳೆತ್ತರದ ನೀಲಿ ಸಿಲಿಂಡರುಗಳು ತಾಮ್ರದ ಕೊಳವೆಗೆ ಸಿಕ್ಕಿಸಿಕೊಂಡು ನಿಂತಿದ್ದವು. ಇದನ್ನು ಮ್ಯಾನಿಫೋಲ್ಡ್ ಎನ್ನುತ್ತಾರೆ. ಇಲ್ಲಿಂದ ಗೋಡೆಯೊಳಗಿನ ಕೊಳವೆಯಲ್ಲಿ ಅನಿಲ ಎರಡು ಥಿಯೇಟರುಗಳಿಗೂ ಹೋಗುತ್ತದೆ. ಕೊನೆಯ ಕೇಸು ಮುಗಿದ ಮೇಲೆ ಸಿಲಿಂಡರುಗಳನ್ನು ಒಂದೊಂದಾಗಿ ಬಿಚ್ಚಿ, ತೂಗಿ, ಅಂಕಿ ಬರೆದುಕೊಂಡು, ಮತ್ತೆ ಜೋಡಿಸಿ ವಾಲ್ವು ತೆರೆದಿಟ್ಟೆವು. ಭಾನುವಾರ ಯಾವ ಶಸ್ತ್ರಚಿಕಿತ್ಸೆಯೂ ಇರಲಿಲ್ಲ. ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಮತ್ತೆ ತೂಗಿದಾಗ ಎರಡೂ ಸೇರಿ ಸುಮಾರು 2 ಕಿಲೋ ಕಡಿಮೆಯಾಗಿತ್ತು. ಟೆಕ್ನಿಷಿಯನ್ ಬಕೆಟ್ಟಿನಲ್ಲಿ ಸೋಪಿನ ನೊರೆ ಕಲಸಿ ತಂದು ಕೀಲುಕೀಲಿಗೂ ಹಚ್ಚಿದರು. ಎರಡನೆಯ ಸಿಲಿಂಡರಿನ ಕುತ್ತಿಗೆಯ ಹತ್ತಿರ, ಸವೆದ ವಾಷರಿನ ಸಂದಿಯಿಂದ, ಗುಳ್ಳೆಗಳು ಗುಂಪುಗುಂಪಾಗಿ ಬಿಡದೆ ಏಳುತ್ತಿದ್ದವು. ಸದ್ದಿಲ್ಲ, ವಾಸನೆಯೂ ಇಲ್ಲವೆಂದೇ ಹೇಳಬೇಕು. ಎಷ್ಟು ವರ್ಷಗಳಿಂದ ಹಾಗೆ ಏಳುತ್ತಿದ್ದವೋ ಅಲ್ಲಿದ್ದ ಯಾರಿಗೂ ತಿಳಿದಿರಲಿಲ್ಲ.

ಆ 2 ಕಿಲೋ ನನ್ನನ್ನು ಅಷ್ಟು ಕಾಡಿದ್ದು ಸಿಲಿಂಡರಿನ ಬೆಲೆಯಿಂದಲ್ಲ. ನೈಟ್ರಸ್ ಆಕ್ಸೈಡ್ ಪ್ರಬಲವಾದ ಹಸಿರುಮನೆ ಅನಿಲ. ನೂರು ವರ್ಷಗಳ ಅವಧಿಯಲ್ಲಿ ಲೆಕ್ಕ ಹಾಕಿದರೆ, ಅದರ ಒಂದು ಕಿಲೋ ಭೂಮಿಯನ್ನು ಬಿಸಿಮಾಡುವುದರಲ್ಲಿ 273 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಹೊರಬರುವುದು 2.3 ಕಿಲೋ ಇಂಗಾಲದ ಡೈಆಕ್ಸೈಡ್. ಹಾಗಾದರೆ ಆ ಒಂದು ಭಾನುವಾರ, ಒಬ್ಬ ರೋಗಿಗೂ ಉಪಯೋಗವಾಗದೆ ಆ ಶೆಡ್ಡಿನಿಂದ ಸೋರಿಹೋದದ್ದು ಇನ್ನೂರು ಮೂವತ್ತು ಲೀಟರಿಗೂ ಹೆಚ್ಚು ಪೆಟ್ರೋಲನ್ನು ಸುಟ್ಟದ್ದಕ್ಕೆ ಸಮ. ಅದರ ಮೇಲೆ, ಹೀಗೆ ಮೇಲೆ ಹೋದ ನೈಟ್ರಸ್ ಆಕ್ಸೈಡ್ ಬೇಗ ಅಳಿಯುವುದೂ ಇಲ್ಲ. ಗಾಳಿಯಲ್ಲಿನ ಅನೇಕ ಅನಿಲಗಳನ್ನು ಒಡೆದುಹಾಕುವ ಹೈಡ್ರಾಕ್ಸಿಲ್ ಕಣಗಳು ಇದನ್ನು ಮುಟ್ಟಲಾರವು. ನಿಧಾನವಾಗಿ ವಾಯುಮಂಡಲದ ಮೇಲಿನ ಪದರವಾದ ಸ್ತರಗೋಳಕ್ಕೆ ಏರಿ, ಅಲ್ಲಿನ ತೀಕ್ಷ್ಣವಾದ ಬಿಸಿಲಿಗೆ ಸಿಕ್ಕಿ ಒಡೆಯಬೇಕು. ಅದಕ್ಕೆ ಸರಾಸರಿ ನೂರು ವರ್ಷಕ್ಕೂ ಮೇಲೆ ಹಿಡಿಯುತ್ತದೆ.

ಹಾಗೆ ಒಡೆಯುವಾಗಲೂ ಅದು ಸುಮ್ಮನೆ ಹೋಗುವುದಿಲ್ಲ. ಅದರ ಒಂದು ಪಾಲು ನೈಟ್ರಿಕ್ ಆಕ್ಸೈಡಾಗಿ ಓಝೋನನ್ನು ತಿನ್ನುತ್ತದೆ. ಫ್ರಿಜ್ಜು, ಸ್ಪ್ರೇ ಡಬ್ಬಿಗಳ ಕ್ಲೋರಿನ್ ಅನಿಲಗಳನ್ನು 1987ರ ಮಾಂಟ್ರಿಯಲ್ ಒಪ್ಪಂದ ಹಿಡಿತಕ್ಕೆ ತಂದ ಮೇಲೆ, ಈ ಶತಮಾನದಲ್ಲಿ ಮನುಷ್ಯರು ಹೊರಬಿಡುತ್ತಿರುವ ಓಝೋನ್ ನಾಶಕಗಳಲ್ಲಿ ನೈಟ್ರಸ್ ಆಕ್ಸೈಡೇ ಮೊದಲ ಸ್ಥಾನದಲ್ಲಿದೆ ಎಂದು 2009ರಲ್ಲಿ ತೋರಿಸಿಕೊಟ್ಟ ತಂಡದ ಮುಖ್ಯಸ್ಥರು ಎ. ಆರ್. ರವಿಶಂಕರ. ಅವರ ಹೆಸರಿನ ಮೊದಲ ಅಕ್ಷರ ಅಕ್ಕಿಹೆಬ್ಬಾಳು. ಮೈಸೂರು ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದಿ ಅಮೆರಿಕೆಗೆ ಹೋದವರು. ಪ್ರಪಂಚದಲ್ಲಿ ಮನುಷ್ಯರಿಂದ ಹೊರಬೀಳುವ ನೈಟ್ರಸ್ ಆಕ್ಸೈಡಿನ ಬಹುಪಾಲು ಹೊಲಗದ್ದೆಗಳಿಗೆ ಹಾಕುವ ಸಾರಜನಕ ಗೊಬ್ಬರದಿಂದ ಮತ್ತು ಸಗಣಿ ಗೊಬ್ಬರದಿಂದ ಬರುತ್ತದೆ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಆಸ್ಪತ್ರೆಗಳ ಪಾಲು ಅದರ ಮುಂದೆ ಚಿಕ್ಕದು. ಆದರೆ ಗೊಬ್ಬರದಿಂದ ಅನ್ನ ಬೆಳೆಯುತ್ತದೆ. ಸವೆದ ವಾಷರಿನ ಸಂದಿಯಿಂದ ಏನೂ ಬೆಳೆಯುವುದಿಲ್ಲ.

ಸ್ಕಾಟ್ಲೆಂಡಿನ ಎಡಿನ್‌ಬರೋ ಸುತ್ತಲಿನ ಲೋಥಿಯನ್ ಆಸ್ಪತ್ರೆಗಳಲ್ಲಿ ಅಲೀಫಿಯಾ ಚಕೇರಾ ಎಂಬ ಔಷಧತಜ್ಞೆ ಕೂಡ ಇಂಥದೇ ಲೆಕ್ಕ ಹಾಕಿದ್ದರೆಂದು ನನಗೆ ತಿಳಿದದ್ದು ಆಮೇಲೆ. ಆಸ್ಪತ್ರೆ ಕೊಂಡ ನೈಟ್ರಸ್ ಎಷ್ಟು, ವೈದ್ಯರು ರೋಗಿಗಳಿಗೆ ನಿಜವಾಗಿ ಕೊಟ್ಟದ್ದು ಎಷ್ಟು ಎಂದು ಅವರು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ, ಕೊಂಡದ್ದರಲ್ಲಿ ಬಹುಪಾಲು ರೋಗಿಯನ್ನು ತಲುಪುವ ಮೊದಲೇ ಸೋರಿಕೆಯಲ್ಲಿ, ಅವಧಿ ಮುಗಿದು ವಾಪಸಾದ ಸಿಲಿಂಡರುಗಳಲ್ಲಿ ಕಳೆದುಹೋಗುತ್ತಿತ್ತು. ಬಳಕೆ ಕಡಿಮೆಯಾಗಿದ್ದರೂ ಹಳೆಯ ಕಾಲದ ದೊಡ್ಡ ಮ್ಯಾನಿಫೋಲ್ಡುಗಳು ಹಾಗೇ ಉಳಿದಿದ್ದವು. ಅವರು ಮಾಡಿದ್ದು ಬಹಳ ಸರಳವಾದ ಕೆಲಸ: ಮ್ಯಾನಿಫೋಲ್ಡ್ ಮುಚ್ಚಿ, ಬೇಕಾದ ಕಡೆ ಯಂತ್ರಕ್ಕೇ ಸಣ್ಣ ಸಿಲಿಂಡರು ಸಿಕ್ಕಿಸುವುದು, ಬಳಸದಿದ್ದಾಗ ವಾಲ್ವು ಮುಚ್ಚಿಡುವುದು. ಬ್ರಿಟನ್ನಿನ ಬೇರೆ ಆಸ್ಪತ್ರೆಗಳೂ ಅದನ್ನೇ ಅನುಸರಿಸಿದವು. ಅಮೆರಿಕದ ಅರಿವಳಿಕೆ ವೈದ್ಯರ ಸಂಘವೂ ಈಗ ಅದನ್ನೇ ಹೇಳುತ್ತಿದೆ. ಅಷ್ಟು ದೊಡ್ಡ ವ್ಯವಸ್ಥೆಯಲ್ಲೂ ಒಬ್ಬರು ಕೂತು ಕೂಡಿ ಕಳೆಯುವವರೆಗೆ ಯಾರಿಗೂ ಕಾಣದೇ ಇದ್ದದ್ದನ್ನು ಓದಿದಾಗ, ನಮ್ಮ ಟೆಕ್ನಿಷಿಯನ್ ಮಾತು ಎಷ್ಟು ಬೆಲೆಯುಳ್ಳದ್ದೆಂದು ನನಗೆ ಮತ್ತೊಮ್ಮೆ ಅನಿಸಿತು.

ಸೋರಿಕೆಯ ಮಾತು ಹಾಗಿರಲಿ. ಸೋರದೆ ರೋಗಿಯ ಶ್ವಾಸಕೋಶಕ್ಕೆ ಹೋದ ಅನಿಲ ಏನಾಗುತ್ತದೆ? ನುಂಗಿದ ಮಾತ್ರೆಯನ್ನು ಪಿತ್ತಜನಕಾಂಗ ಒಡೆಯುತ್ತದೆ, ಮೂತ್ರಪಿಂಡ ಹೊರಹಾಕುತ್ತದೆ. ಉಸಿರಿನಲ್ಲಿ ಕೊಡುವ ಅರಿವಳಿಕೆ ಬೇರೆಯ ಜಾತಿಯದು. ಅದು ರಕ್ತದಲ್ಲಿ ಕರಗಿ, ಮಿದುಳಿಗೆ ಹೋಗಿ, ತನ್ನ ಕೆಲಸ ಮಾಡಿ, ಬಂದ ದಾರಿಯಲ್ಲೇ ಬಂದ ರೂಪದಲ್ಲೇ ಹೊರಗೆ ಹೋಗುತ್ತದೆ. ದ್ರವದಿಂದ ಆವಿಮಾಡಿ ಕೊಡುವ ಔಷಧಗಳನ್ನು ನೋಡಿದರೆ, ಸೆವೋಫ್ಲುರೇನಿನಲ್ಲಿ ದೇಹ ಒಡೆಯುವುದು ನೂರಕ್ಕೆ 3ರಿಂದ 5 ಭಾಗ, ಐಸೋಫ್ಲುರೇನಿನಲ್ಲಿ 0.2 ಭಾಗ; ಡೆಸ್‌ಫ್ಲುರೇನಿನಲ್ಲಿ 0.02 ಭಾಗ, ನೈಟ್ರಸ್ ಆಕ್ಸೈಡನ್ನು ದೇಹ ಒಡೆಯುವುದೇ ಇಲ್ಲವೆನ್ನಬಹುದು. ಔಷಧವಾಗಿ ಇದು ಬಹಳ ಒಳ್ಳೆಯ ಗುಣ. ದೇಹ ಹೆಚ್ಚು ಒಡೆಯುತ್ತಿದ್ದ ಹಳೆಯ ಆವಿ ಹ್ಯಾಲೋಥೇನ್ ಅಪರೂಪಕ್ಕೆ ಒಬ್ಬೊಬ್ಬ ರೋಗಿಯ ಪಿತ್ತಜನಕಾಂಗವನ್ನೇ ಹಾಳುಮಾಡಿದ್ದುಂಟು. ಆ ಭಯ ನೀಗಲೆಂದೇ ರಸಾಯನಶಾಸ್ತ್ರಜ್ಞರು ಕ್ಲೋರಿನ್, ಬ್ರೋಮಿನ್‌ಗಳ ಜಾಗದಲ್ಲಿ ಫ್ಲೋರಿನ್ ಕೂರಿಸಿ, ಒಡೆಯದಂಥ ಅಣುಗಳನ್ನು ಕಟ್ಟಿದರು. ರೋಗಿಗೆ ಕ್ಷೇಮಕರವಾದ ಆ ಗಟ್ಟಿತನವೇ ಆಕಾಶದಲ್ಲಿ ಬೇರೆ ರೀತಿಯಲ್ಲಿ ಪರಿಣಮಿಸುತ್ತದೆ.

ಓಟಿಯಲ್ಲಿ ರೋಗಿ ಹೊರಬಿಟ್ಟ ಉಸಿರು ಯಂತ್ರದ ಹಿಂಭಾಗದಿಂದ ಸುಕ್ಕುಸುಕ್ಕಾದ ಒಂದು ಪ್ಲಾಸ್ಟಿಕ್ ನಳಿಕೆಗೆ ಸೇರುತ್ತದೆ. ದೊಡ್ಡ ಆಸ್ಪತ್ರೆಗಳಲ್ಲಿ ಅದನ್ನು ಪಂಪು ಹೀರಿ ಮಹಡಿಯ ಮೇಲಕ್ಕೆ ಒಯ್ಯುತ್ತದೆ; ನಾನು ಕೆಲಸ ಮಾಡುವ ಹೆಚ್ಚಿನ ಕಡೆಗಳಲ್ಲಿ ಕಿಟಕಿಯ ಗಾಜಿನಲ್ಲಿ ಕೊರೆದ ತೂತಿನಿಂದ ನಳಿಕೆಯನ್ನು ಹೊರಗೆ ಬಿಟ್ಟಿರುತ್ತಾರೆ. ಆ ನಳಿಕೆಯನ್ನು ಹಾಕಿಸಿದ್ದು ನಮಗಾಗಿ, ಓಟಿಯೊಳಗೆ ದಿನವಿಡೀ ನಿಲ್ಲುವವರಿಗಾಗಿ. ಅಮೆರಿಕದಲ್ಲಿ 1977ರಲ್ಲಿಯೇ ಕೆಲಸಗಾರರ ಆರೋಗ್ಯದ ದೃಷ್ಟಿಯಿಂದ ಥಿಯೇಟರಿನ ಗಾಳಿಯಲ್ಲಿ ನೈಟ್ರಸ್ ಇಷ್ಟೇ ಇರಬೇಕು, ಬೇರೆ ಆವಿ ಇಷ್ಟೇ ಇರಬೇಕು ಎಂಬ ಮಿತಿಯನ್ನು ಸೂಚಿಸಿದ್ದರು. ನಾನು ಎಂ.ಡಿ. ಓದುವಾಗ ಹ್ಯಾಲೋಥೇನಿನ ಸಿಹಿ ವಾಸನೆ ಸಂಜೆ ಮನೆಗೆ ಬಂದ ಮೇಲೂ ತಲೆಗೂದಲಲ್ಲಿ ಇರುತ್ತಿತ್ತು. ಬಸುರಿಯಾದಾಗ ನಮ್ಮ ಪ್ರೊಫೆಸರು, "ಆ ಥಿಯೇಟರಿಗೆ ನೀನು ಹೋಗಬೇಡಮ್ಮ, ಅಲ್ಲಿ ಪೈಪಿಲ್ಲ" ಎಂದು ಪಟ್ಟಿಯಿಂದ ನನ್ನ ಹೆಸರನ್ನು ತಾವೇ ತೆಗೆದಿದ್ದರು. ಆ ಕಾಳಜಿಯನ್ನು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತೇನೆ. ನಳಿಕೆ ಕಿಟಕಿಯಾಚೆಗೆ ಹೋದರೆ ನಮ್ಮ ಕರ್ತವ್ಯ ಮುಗಿಯಿತು ಎಂದೇ ನಾವೆಲ್ಲ ಕಲಿತೆವು, ಕಲಿಸಿದೆವು. ಅದರಾಚೆಗೆ ಏನಿದೆ ಎಂದು ಪಠ್ಯಪುಸ್ತಕವೂ ಹೇಳಲಿಲ್ಲ, ಪರೀಕ್ಷೆಯಲ್ಲೂ ಯಾರೂ ಕೇಳಲಿಲ್ಲ.

ಭೂಮಿ ತನ್ನ ಬಿಸಿಯನ್ನು ಕಣ್ಣಿಗೆ ಕಾಣದ ಅವಕೆಂಪು (ಇನ್ಫ್ರಾರೆಡ್) ಕಿರಣಗಳಾಗಿ ಆಕಾಶಕ್ಕೆ ಬಿಡುತ್ತದೆ. ನೀರಿನ ಆವಿ, ಇಂಗಾಲದ ಡೈಆಕ್ಸೈಡುಗಳು ಹೀರದೆ ಬಿಡುವ ಒಂದು ಪಟ್ಟಿ ಆ ಕಿರಣಗಳಲ್ಲಿದೆ. ಬಿಸಿ ಸುಲಭವಾಗಿ ಹೊರಹೋಗುವ ಕಿಟಕಿಯೆಂದು ಅದನ್ನು ಕರೆಯುತ್ತಾರೆ. ಇಂಗಾಲಕ್ಕೂ ಫ್ಲೋರಿನ್ನಿಗೂ ನಡುವಿನ ಬಂಧ ಸರಿಯಾಗಿ ಆ ಪಟ್ಟಿಯಲ್ಲೇ ಕಿರಣಗಳನ್ನು ಹೀರುತ್ತದೆ. ಹಾಗಾಗಿ ಫ್ಲೋರಿನ್ ತುಂಬಿದ ನಮ್ಮ ಆವಿಗಳು ಪ್ರಮಾಣದಲ್ಲಿ ಅತ್ಯಲ್ಪವಾಗಿದ್ದರೂ ಆ ಕಿಟಕಿಗೆ ಅಡ್ಡ ನಿಲ್ಲುತ್ತವೆ. ಎಷ್ಟು ಕಾಲ ನಿಲ್ಲುತ್ತವೆ ಎಂಬುದರಲ್ಲಿ ಅವುಗಳೊಳಗೆ ಬಹಳ ವ್ಯತ್ಯಾಸವಿದೆ. ಸೆವೋಫ್ಲುರೇನ್ ಒಂದೆರಡು ವರ್ಷಗಳಲ್ಲಿ ಒಡೆದುಹೋಗುತ್ತದೆ, ಐಸೋಫ್ಲುರೇನಿಗೆ ಮೂರೂವರೆ ವರ್ಷ, ಡೆಸ್‌ಫ್ಲುರೇನಿಗೆ 14 ವರ್ಷ. ನೂರು ವರ್ಷದ ಲೆಕ್ಕದಲ್ಲಿ ಸೆವೋಫ್ಲುರೇನಿನ ಒಂದು ಕಿಲೋ 200 ಕಿಲೋಗಿಂತ ಕಡಿಮೆ ಇಂಗಾಲದ ಡೈಆಕ್ಸೈಡಿಗೆ ಸಮವಾದರೆ, ಐಸೋಫ್ಲುರೇನಿನದು 500 ದಾಟುತ್ತದೆ, ಡೆಸ್‌ಫ್ಲುರೇನಿನದು 2,500 ದಾಟುತ್ತದೆ.

ಈ ಊರಿಗೆ ಬರುವ ಮೊದಲು ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಕೆಲವು ವರ್ಷ ನಾನೂ ಡೆಸ್‌ಫ್ಲುರೇನ್ ಬಳಸಿದವಳು. ಅದನ್ನು ದ್ರವದಿಂದ ಆವಿಮಾಡುವ ವೇಪರೈಸರಿಗೆ ವಿದ್ಯುತ್ತಿನ ವೈರು ಇರುತ್ತದೆ. ಡೆಸ್‌ಫ್ಲುರೇನ್ ಕುದಿಯುವುದೇ 23 ಡಿಗ್ರಿಯ ಹತ್ತಿರ. ಎಂದರೆ ಬೆಂಗಳೂರಿನ ಒಂದು ಸಾಧಾರಣ ಮಧ್ಯಾಹ್ನ ಬಾಟಲಿಯ ಬಾಯಿ ತೆರೆದಿಟ್ಟರೆ ಅದು ತಾನಾಗಿ ಕುದ್ದುಹೋಗುತ್ತದೆ. ಅದಕ್ಕೆಂದು ವೇಪರೈಸರು ಅದನ್ನು 39 ಡಿಗ್ರಿಗೆ ಕಾಯಿಸಿ, ಒತ್ತಡದಲ್ಲಿಟ್ಟು, ಅಳೆದು ಬಿಡುತ್ತದೆ. ಯಂತ್ರದ ಮೇಲೆ ಕೈಯಿಟ್ಟರೆ ಬೆಚ್ಚಗಿರುತ್ತಿತ್ತು. ರಕ್ತದಲ್ಲಿ ಅದು ಕರಗುವುದು ಬಹಳ ಕಡಿಮೆಯಾದ್ದರಿಂದ ನಿಲ್ಲಿಸಿದ ಕೆಲವೇ ನಿಮಿಷಗಳಲ್ಲಿ ರೋಗಿ ಕಣ್ಣು ಬಿಡುತ್ತಿದ್ದರು. ನೂರ ಇಪ್ಪತ್ತು ಕಿಲೋ ತೂಕದವರು ನಾಲ್ಕು ಗಂಟೆಯ ಶಸ್ತ್ರಚಿಕಿತ್ಸೆಯ ನಂತರ ಹೆಸರು ಕರೆದ ಕೂಡಲೇ ಓಗೊಟ್ಟಾಗ ಆಗುತ್ತಿದ್ದ ನೆಮ್ಮದಿಯನ್ನು ನಾನು ಸುಳ್ಳೆನ್ನುವುದಿಲ್ಲ. ಆದರೆ ಅದಕ್ಕೆ ತೆತ್ತದ್ದು ಎಷ್ಟು? ಅದರ ಒಂದು ಬಾಟಲಿ 240 ಮಿಲಿಲೀಟರ್, ತೂಕ 350 ಗ್ರಾಮು. ಗುಣಿಸಿದರೆ ಸುಮಾರು 900 ಕಿಲೋ ಇಂಗಾಲದ ಡೈಆಕ್ಸೈಡ್. ಅಂಗೈಯಲ್ಲಿ ಹಿಡಿಯುವಂಥ ಬಾಟಲಿ. ಒಂದು ದಿನಕ್ಕೆ ಇಂಥ ಒಂದೆರಡನ್ನು ನಾನು ಖಾಲಿಮಾಡಿದ್ದುಂಟು. ಸೆವೋಫ್ಲುರೇನಿನಲ್ಲಿ ಅದೇ ರೋಗಿ ಹೆಚ್ಚೆಂದರೆ ಕೆಲವು ನಿಮಿಷ ತಡವಾಗಿ ಏಳುತ್ತಿದ್ದರು.

ಆ ಬಾಟಲಿಗಳಲ್ಲಿ ಇದ್ದದ್ದು ಎಲ್ಲಿಗೆ ಹೋಯಿತೆಂಬುದಕ್ಕೆ ಉತ್ತರ 2015ರಲ್ಲಿ ಸಿಕ್ಕಿತು. ಸ್ವಿಟ್ಜರ್ಲೆಂಡಿನ ಮಾರ್ಟಿನ್ ವೋಲ್ಮರ್ ಮತ್ತು ಸಂಗಡಿಗರು ಆಲ್ಪ್ಸ್ ಪರ್ವತದ ಮೇಲಿನ ಯುಂಗ್‌ಫ್ರೌಯೋಕ್ ವೀಕ್ಷಣಾಲಯದಲ್ಲಿ, ಉತ್ತರ ಪೆಸಿಫಿಕ್ ಸಾಗರದ ಮೇಲೆ, ಅಂಟಾರ್ಟಿಕದ ಕಿಂಗ್ ಸೆಜೋಂಗ್ ನಿಲ್ದಾಣದಲ್ಲಿ ಗಾಳಿಯನ್ನು ಹಿಡಿದು ಪರೀಕ್ಷಿಸಿದರು. ಎಲ್ಲೆಡೆಯೂ ಡೆಸ್‌ಫ್ಲುರೇನ್, ಸೆವೋಫ್ಲುರೇನ್, ಐಸೋಫ್ಲುರೇನ್‌ಗಳು ಸಿಕ್ಕವು. ಹೆಚ್ಚಿನ ಕಡೆ ಕೈಬಿಟ್ಟುಹೋದ ಹ್ಯಾಲೋಥೇನ್ ಕೂಡ ಅತಿ ಸೂಕ್ಷ್ಮ ಪ್ರಮಾಣದಲ್ಲಿ ಇನ್ನೂ ಇತ್ತು. 2014ರ ಒಂದು ವರ್ಷದಲ್ಲಿ ಪ್ರಪಂಚದಿಂದ ಹೊರಬಿದ್ದ ಈ ಆವಿಗಳೆಲ್ಲ ಸೇರಿ 31 ಲಕ್ಷ ಟನ್ ಇಂಗಾಲದ ಡೈಆಕ್ಸೈಡಿಗೆ ಸಮವೆಂದೂ, ಅದರಲ್ಲಿ ನೂರಕ್ಕೆ 80 ಭಾಗ ಡೆಸ್‌ಫ್ಲುರೇನ್ ಒಂದರಿಂದಲೇ ಎಂದೂ ಅವರು ಲೆಕ್ಕ ಹಾಕಿದರು. ಈ ವಸ್ತುಗಳಿಗೆ ಬೇರೆ ಮೂಲವೇ ಇಲ್ಲ. ಕಾರ್ಖಾನೆಯ ಹೊಗೆಯಲ್ಲಾಗಲಿ, ಕಾಡಿನ ಬೆಂಕಿಯಲ್ಲಾಗಲಿ ಇವು ಹುಟ್ಟುವುದಿಲ್ಲ. ಅಂಟಾರ್ಟಿಕದ ಆ ಗಾಳಿಯಲ್ಲಿದ್ದ ಒಂದೊಂದು ಅಣುವೂ ಎಲ್ಲಿಯೋ ಅರಿವಳಿಕೆಗೆಂದು ತಯಾರಾದ ಔಷಧದಿಂದ ಹೊರಟದ್ದು. ಡೆಸ್‌ಫ್ಲುರೇನಿನ ಆಯುಷ್ಯ 14 ವರ್ಷವಾದ್ದರಿಂದ, ನಾನು ಬಳಸಿದ್ದರ ಒಂದು ಪಾಲು ಈಗಲೂ ಮೇಲೆ ಇದೆ.

ಆಮೇಲೆ ದೇಶಗಳು ಎಚ್ಚೆತ್ತವು. 2023ರ ಮಾರ್ಚಿನಲ್ಲಿ ಸ್ಕಾಟ್ಲೆಂಡ್ ತನ್ನ ಆಸ್ಪತ್ರೆಗಳಿಂದ ಡೆಸ್‌ಫ್ಲುರೇನನ್ನು ಕೈಬಿಟ್ಟ ಮೊದಲ ದೇಶವಾಯಿತು, ಮುಂದಿನ ವರ್ಷ ಇಂಗ್ಲೆಂಡ್ ಅದೇ ದಾರಿ ಹಿಡಿಯಿತು. ಐರೋಪ್ಯ ಒಕ್ಕೂಟದ ಹೊಸ ನಿಯಮದಲ್ಲಿ, ಬೇರೆ ದಾರಿಯೇ ಇಲ್ಲದ ರೋಗಿಗಳನ್ನು ಬಿಟ್ಟು ಉಳಿದವರಿಗೆ ಅದನ್ನು ಬಳಸುವುದಕ್ಕೆ 2026ರ ಜನವರಿ 1ರಿಂದ ನಿಷೇಧ. ಅಮೆರಿಕದ ಯೇಲ್ ನ್ಯೂ ಹೇವನ್ ಆಸ್ಪತ್ರೆ ಇದಕ್ಕೆಲ್ಲ ಬಹಳ ಮೊದಲು, 2013ರಲ್ಲೇ, ಯಾವ ಸರ್ಕಾರದ ಆದೇಶವೂ ಇಲ್ಲದೆ ಅದನ್ನು ತೆಗೆದುಹಾಕಿತ್ತು.

ಇದೆಲ್ಲ ಅತಿಯಾಯಿತು ಎನ್ನುವವರೂ ಇದ್ದಾರೆ, ಅವರಲ್ಲಿ ಹವಾಮಾನ ವಿಜ್ಞಾನ ಬಲ್ಲವರೂ ಇದ್ದಾರೆ. ನಮ್ಮ ಆವಿಗಳು ಗಾಳಿಯಲ್ಲಿರುವುದು ಲಕ್ಷ ಕೋಟಿಯಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಅವು ಬೇಗ ಒಡೆದುಹೋಗುವುದರಿಂದ ಇಂಗಾಲದ ಡೈಆಕ್ಸೈಡಿನಂತೆ ಪೇರಿಸಿಕೊಳ್ಳುವುದಿಲ್ಲ. ನೂರು ವರ್ಷದ ಲೆಕ್ಕವನ್ನು ಒಂದೆರಡು ವರ್ಷ ಬಾಳುವ ವಸ್ತುವಿಗೆ ಹೊಂದಿಸುವುದೇ ತಪ್ಪು. ನಾಳೆಯಿಂದ ಎಲ್ಲರೂ ನಿಲ್ಲಿಸಿದರೂ ಭೂಮಿಯ ತಾಪದಲ್ಲಿ ಅಳೆಯಬಹುದಾದ ವ್ಯತ್ಯಾಸ ಆಗದು ಎಂಬುದು ಅವರ ವಾದ. ಈ ವಾದವನ್ನು ನಾನು ಗೌರವದಿಂದ ಓದಿದ್ದೇನೆ. ಸೆವೋಫ್ಲುರೇನಿನ ಮಟ್ಟಿಗೆ ಅದರಲ್ಲಿ ಬಹುಪಾಲು ನಿಜವೆಂದೇ ನನಗೆ ತೋರುತ್ತದೆ. ಅದನ್ನು ಬಳಸಿದ್ದಕ್ಕೆ ಯಾವ ವೈದ್ಯರೂ ತಪ್ಪಿತಸ್ಥ ಭಾವನೆ ಹೊತ್ತು ನಡೆಯಬೇಕಾಗಿಲ್ಲ. ಆದರೆ ಈ ವಾದ ನೈಟ್ರಸ್ ಆಕ್ಸೈಡಿಗೆ ಹೊಂದುವುದಿಲ್ಲ. ಅದು ಒಂದು ಶತಮಾನ ನಿಲ್ಲುತ್ತದೆ, ಪೇರಿಸಿಕೊಳ್ಳುತ್ತದೆ, ಓಝೋನನ್ನೂ ತಿನ್ನುತ್ತದೆ. ಚರ್ಚೆಯೆಲ್ಲ ಡೆಸ್‌ಫ್ಲುರೇನಿನ ಸುತ್ತ ನಡೆಯುತ್ತಿರುವಾಗ ನಮ್ಮಂಥ ಊರುಗಳಲ್ಲಿ ನೋಡಬೇಕಾದದ್ದು ಬೇರೆ ಕಡೆ ಇದೆ ಎಂದು ನನಗೆ ಹೊಳೆದದ್ದು ಹೀಗೆ.

ಡೆಸ್‌ಫ್ಲುರೇನ್ ನಮ್ಮ ನರ್ಸಿಂಗ್ ಹೋಮುಗಳಿಗೆ ಬಂದಿಲ್ಲ, ಅಷ್ಟು ದುಬಾರಿಯದನ್ನು ಯಾರೂ ತರಿಸುವುದಿಲ್ಲ. ನಮ್ಮಲ್ಲಿರುವುದು ಬಾಯ್ಲ್ಸ್ ಎಂಬ ಹಳೆಯ ಮಾದರಿಯ ಅರಿವಳಿಕೆ ಯಂತ್ರ, ಅದಕ್ಕೆ ಸಿಕ್ಕಿಸಿದ ಬೇನ್ ಸರ್ಕ್ಯೂಟ್, ಐಸೋಫ್ಲುರೇನಿನ ವೇಪರೈಸರ್, ಆಮ್ಲಜನಕ ಮತ್ತು ನೈಟ್ರಸ್. ಬೇನ್ ಸರ್ಕ್ಯೂಟ್ ಎಂದರೆ ನಳಿಕೆಯೊಳಗೊಂದು ನಳಿಕೆ. ಹಗುರ, ಅಗ್ಗ, ಕೆಡುವ ಭಾಗಗಳಿಲ್ಲ, ಎಲ್ಲಿಗೆ ಬೇಕಾದರೂ ಒಯ್ಯಬಹುದು. ಆದರೆ ರೋಗಿ ಬಿಟ್ಟ ಉಸಿರನ್ನು ಅದು ಶುದ್ಧಮಾಡಿ ಹಿಂದಿರುಗಿಸಲಾರದು, ಹೊಸ ಅನಿಲದಿಂದ ಹೊರಕ್ಕೆ ತಳ್ಳಬೇಕು. ಅದಕ್ಕಾಗಿ ವಾಡಿಕೆಯಂತೆ ನಿಮಿಷಕ್ಕೆ 4 ಲೀಟರ್ ನೈಟ್ರಸ್, 2 ಲೀಟರ್ ಆಮ್ಲಜನಕ ಇಡುತ್ತೇವೆ. ಹರಿವು ತೋರಿಸುವ ರೋಟಾಮೀಟರಿನ ಗಾಜಿನ ಕೊಳವೆಗಳಲ್ಲಿ ಎರಡು ಬಾಬಿನ್‌ಗಳು ಸಣ್ಣಗೆ ತಿರುಗುತ್ತ ಆ ಎತ್ತರದಲ್ಲಿ ತೇಲುತ್ತಿರುತ್ತವೆ. ಇಪ್ಪತ್ತು ವರ್ಷ ನಾನು ಅವನ್ನು ನೋಡಿಕೊಂಡೇ ಬಂದಿದ್ದೇನೆ. ಆ ಸೋಮವಾರದ ನಂತರ ಒಂದು ರಾತ್ರಿ ಕೂತು ಲೆಕ್ಕ ಹಾಕಿದೆ. ನಿಮಿಷಕ್ಕೆ 4 ಲೀಟರಿನಂತೆ ಗಂಟೆಗೆ 240 ಲೀಟರ್, ಲೀಟರಿಗೆ 1.8 ಗ್ರಾಮಿನಂತೆ ಹಿಡಿದರೂ 430 ಗ್ರಾಮು. 273ರಿಂದ ಗುಣಿಸಿದರೆ ಸುಮಾರು 120 ಕಿಲೋ ಇಂಗಾಲದ ಡೈಆಕ್ಸೈಡ್. ಒಂದೇ ಗಂಟೆಗೆ. ಪೆಟ್ರೋಲಿನ ಲೆಕ್ಕದಲ್ಲಿ 50 ಲೀಟರು. ಜೊತೆಗೆ ಹೋದ ಐಸೋಫ್ಲುರೇನ್ ಎಷ್ಟು? ನಿಮಿಷದ ಲೀಟರನ್ನು ವೇಪರೈಸರಿನ ಶೇಕಡಾವಾರಿಗೆ ಗುಣಿಸಿ, ಬಂದದ್ದನ್ನು ಮೂರರಿಂದ ಗುಣಿಸಿದರೆ ಗಂಟೆಗೆ ಖರ್ಚಾಗುವ ದ್ರವದ ಮಿಲಿಲೀಟರು ಸಿಗುತ್ತದೆ, ಇದು ನಮ್ಮವರ ಹಳೆಯ ಸೂತ್ರ. 6 ಲೀಟರಿಗೆ ಶೇಕಡಾ 0.6 ಇಟ್ಟರೆ 11 ಮಿಲಿಲೀಟರಿಗೂ ಕಡಿಮೆ, ಎಂದರೆ ಇಂಗಾಲದ ಡೈಆಕ್ಸೈಡಿನ ಲೆಕ್ಕದಲ್ಲಿ 9 ಕಿಲೋ. ಬಾಟಲಿಯಲ್ಲಿರುವ ದುಬಾರಿ ಔಷಧ 9 ಕಿಲೋ, ಗೋಡೆಯಿಂದ ಬರುವ ಅಗ್ಗದ ಅನಿಲ 120 ಕಿಲೋ. ನಿಮಿಷಕ್ಕೆ 1 ಲೀಟರ್ ಹರಿವಿನಲ್ಲಿ ಡೆಸ್‌ಫ್ಲುರೇನ್ ಕೊಟ್ಟರೆ ಗಂಟೆಗೆ ಬರುವುದು 70 ಕಿಲೋದ ಒಳಗೆ. ಯುರೋಪು ನಿಷೇಧಿಸಿದ ಔಷಧಕ್ಕಿಂತ ಹೆಚ್ಚು ಭಾರವನ್ನು ನಮ್ಮ ಬಾಯ್ಲ್ಸ್ ಯಂತ್ರ ದಿನವೂ ಮೇಲಕ್ಕೆ ಕಳಿಸುತ್ತಿತ್ತು. ನಾನು ಆ ಅಂಕಿಗಳನ್ನು ಮೂರು ಸಲ ಮತ್ತೆ ಗುಣಿಸಿ ನೋಡಿದೆ.

ನೈಟ್ರಸ್ ಬೇಕೇಬೇಕೇ? ಒಂದು ಕಾಲದಲ್ಲಿ ಬೇಕಿತ್ತು. ಔಷಧಗಳು ನಿಧಾನವಾಗಿದ್ದ ದಿನಗಳಲ್ಲಿ ಅದು ಅರಿವಳಿಕೆಗೆ ವೇಗ ತರುತ್ತಿತ್ತು, ನೋವನ್ನೂ ಸ್ವಲ್ಪ ಕಳೆಯುತ್ತಿತ್ತು. ಒಂಟಿಯಾಗಿ ಅದರಿಂದ ಪೂರ್ತಿ ಅರಿವಳಿಕೆ ಬರುವುದಿಲ್ಲ. ಅದಕ್ಕೆ ಗಾಳಿಯ ಒತ್ತಡದಲ್ಲಿ ನೂರಕ್ಕೆ ನೂರನ್ನೂ ಮೀರಿದ ಪ್ರಮಾಣ ಬೇಕಾಗುತ್ತದೆ. ಈಗ ನೋವು ಕಳೆಯುವ ಫೆಂಟನಿಲ್ ಇದೆ, ರಕ್ತನಾಳಕ್ಕೆ ಕೊಟ್ಟು ನಿದ್ದೆ ಬರಿಸುವ ಪ್ರೊಪೊಫೋಲ್ ಇದೆ, ಒಳ್ಳೆಯ ಆವಿಗಳಿವೆ. ನೈಟ್ರಸ್ ಬಿಟ್ಟು ಐಸೋಫ್ಲುರೇನನ್ನು ಶೇಕಡಾ 1.2ಕ್ಕೆ ಏರಿಸಿದರೂ ಬೇನ್ ಸರ್ಕ್ಯೂಟಿನಲ್ಲೇ ಗಂಟೆಯ ಲೆಕ್ಕ ಸುಮಾರು 130 ಕಿಲೋದಿಂದ 18ಕ್ಕೆ ಇಳಿಯುತ್ತದೆ. ಹೆರಿಗೆ ನೋವಿಗೆ, ಹಲ್ಲಿನ ಚಿಕಿತ್ಸೆಗೆ ಹೆದರುವ ಮಕ್ಕಳಿಗೆ ನೈಟ್ರಸ್ ಇನ್ನೂ ಉಪಯುಕ್ತ; ಅದಕ್ಕೆ ಸಣ್ಣ ಸಿಲಿಂಡರು ಸಾಕು, ಗೋಡೆಯೊಳಗಿನ ಕೊಳವೆ ಬೇಡ.

ಆದರೆ ಇಲ್ಲಿ ಒಂದು ತೊಡಕಿದೆ, ದೊಡ್ಡ ಊರುಗಳಿಂದ ಬರುವ ಉಪನ್ಯಾಸಗಳಲ್ಲಿ ಅದರ ಪ್ರಸ್ತಾಪ ಬರುವುದಿಲ್ಲ. ನೈಟ್ರಸ್ ತೆಗೆದರೆ ಅದರ ಜಾಗದಲ್ಲಿ ಶುದ್ಧವಾದ ಗಾಳಿಯನ್ನು ಬೆರೆಸಬೇಕು. ಸಣ್ಣ ನರ್ಸಿಂಗ್ ಹೋಮುಗಳಲ್ಲಿ ವೈದ್ಯಕೀಯ ಗಾಳಿಯ ಕೊಳವೆಯೇ ಇರುವುದಿಲ್ಲ. ಪೂರ್ತಿ ಆಮ್ಲಜನಕವನ್ನೇ ಗಂಟೆಗಟ್ಟಲೆ ಕೊಡುವುದು ಎಲ್ಲ ರೋಗಿಗಳಿಗೂ ಒಳ್ಳೆಯದಲ್ಲ, ಆಮ್ಲಜನಕಕ್ಕೂ ದುಡ್ಡಿದೆ. ಹಾಗಾಗಿ ಗಾಳಿಗೊಂದು ಕಂಪ್ರೆಸರು, ಉಸಿರನ್ನು ಹಿಂದಿರುಗಿಸುವ ಸರ್ಕಲ್ ಸಿಸ್ಟಂ, ಆಮ್ಲಜನಕ ಎಷ್ಟಿದೆ, ಆವಿ ಎಷ್ಟಿದೆ ಎಂದು ಕ್ಷಣಕ್ಷಣಕ್ಕೂ ತೋರಿಸುವ ಮಾನಿಟರು, ಇಷ್ಟೂ ಬೇಕು. ಸರ್ಕಲ್ ಸಿಸ್ಟಂನಲ್ಲಿ ರೋಗಿಯ ಉಸಿರು ಸೋಡಾ ಲೈಮಿನ ಡಬ್ಬಿಯ ಮೂಲಕ ಹಾದುಹೋಗುತ್ತದೆ, ಅದು ಇಂಗಾಲದ ಡೈಆಕ್ಸೈಡನ್ನಷ್ಟೇ ಹೀರಿ ಉಳಿದ ಆವಿಯನ್ನು ರೋಗಿಗೇ ಮರಳಿಸುತ್ತದೆ. ಮೊದಲ ಕೆಲವು ನಿಮಿಷ ಹೆಚ್ಚು ಹರಿವು ಕೊಟ್ಟು ಸರ್ಕ್ಯೂಟ್ ತುಂಬಿಸಿ, ಆಮೇಲೆ ನಿಮಿಷಕ್ಕೆ ಅರ್ಧ ಲೀಟರಿಗೆ ಇಳಿಸಬಹುದು. ಶೇಕಡಾ 2ರ ಸೆವೋಫ್ಲುರೇನನ್ನು 6 ಲೀಟರ್ ಹರಿವಿನಲ್ಲಿ ಕೊಟ್ಟರೆ ಗಂಟೆಗೆ 36 ಮಿಲಿಲೀಟರ್ ಖರ್ಚು. ಅರ್ಧ ಲೀಟರಿನಲ್ಲಿ ಕೊಟ್ಟರೆ 3 ಮಿಲಿಲೀಟರ್. ಸಾವಿರಾರು ರೂಪಾಯಿಯ ಬಾಟಲಿ ಹನ್ನೆರಡು ಪಟ್ಟು ಹೆಚ್ಚು ಬಾಳುತ್ತದೆ. ಸೋಡಾ ಲೈಮಿನಲ್ಲಿ ಸೆವೋಫ್ಲುರೇನ್ ಒಡೆದು ಹುಟ್ಟುವ ಒಂದು ವಸ್ತು ಇಲಿಗಳ ಮೂತ್ರಪಿಂಡಕ್ಕೆ ಹಾನಿಮಾಡಿದ್ದನ್ನು ಕಂಡು ಅಮೆರಿಕದಲ್ಲಿ ಹರಿವಿಗೆ ಕೆಳಮಿತಿ ಬರೆದಿದ್ದರು. ಅದನ್ನು ಓದಿ ಕಲಿತ ನಮ್ಮ ತಲೆಮಾರಿಗೆ ಹರಿವು ಇಳಿಸಲು ಇನ್ನೂ ಕೈ ಅಳುಕುತ್ತದೆ. ಇಷ್ಟು ವರ್ಷಗಳ ಬಳಕೆಯಲ್ಲಿ ಮನುಷ್ಯರಲ್ಲಿ ಅಂಥ ಹಾನಿ ಕಂಡುಬಂದಿಲ್ಲ, ಬಲವಾದ ಕ್ಷಾರವಿಲ್ಲದ ಹೊಸ ಹೀರುಕಗಳಲ್ಲಿ ಆ ವಸ್ತು ಹುಟ್ಟುವುದೇ ಇಲ್ಲವೆನ್ನಬೇಕು. ಆದರೆ ಮಾನಿಟರು ಇಲ್ಲದ ಕಡೆ ಹರಿವು ಇಳಿಸುವುದು ಅಪಾಯ. ಸರ್ಕ್ಯೂಟಿನೊಳಗೆ ಆಮ್ಲಜನಕ ಕಡಿಮೆಯಾದದ್ದು ತಿಳಿಯದೇ ಹೋಗಬಹುದು. ಮೇಜಿನ ಮೇಲೆ ಮಲಗಿದವರ ಪ್ರಾಣಕ್ಕಿಂತ ದೊಡ್ಡ ಲೆಕ್ಕ ನನ್ನ ಬಳಿ ಇಲ್ಲ, ಇರಲೂಬಾರದು.

ಅನಿಲವೇ ಬೇಡದ ದಾರಿಗಳನ್ನು ನಮ್ಮ ಊರಿನವರು ಮೊದಲಿನಿಂದಲೂ ಹೆಚ್ಚು ಬಳಸುತ್ತ ಬಂದಿದ್ದಾರೆ. ಸಿಸೇರಿಯನ್, ಹರ್ನಿಯಾ, ಮೂಲವ್ಯಾಧಿ, ಕಾಲಿನ ಮೂಳೆ ಮುರಿತ, ಇವೆಲ್ಲ ಬೆನ್ನಿನ ಇಂಜೆಕ್ಷನ್ನಿನಲ್ಲೇ ಆಗುತ್ತವೆ. ಹೋದ ತಿಂಗಳು ಹರ್ನಿಯಾಕ್ಕೆ ಬಂದಿದ್ದ ಒಬ್ಬರು ಹಿರಿಯರು, "ಡಾಕ್ಟ್ರಮ್ಮ, ಬೆನ್ನಿಗೆ ಸೂಜಿ ಬ್ಯಾಡ. ನಮ್ಮ ಅತ್ತಿಗೀಗೆ ಕೊಟ್ಟಿದ್ರು, ಇವತ್ತಿಗೂ ಬೆನ್ನು ನೋವು ಅಂತಾರೆ. ನಂಗೆ ಪೂರ್ತಿ ನಿದ್ದೇನೇ ಬರಿಸ್ಬಿಡಿ" ಎಂದು ಹಟ ಹಿಡಿದರು. ಅವರ ಶ್ವಾಸಕೋಶ ಬೀಡಿಯಿಂದ ದಣಿದಿತ್ತು. ಬೆನ್ನಿನ ಇಂಜೆಕ್ಷನ್ನೇ ಅವರಿಗೆ ಕ್ಷೇಮ. ಮಂಚದ ಪಕ್ಕ ಕೂತು, ಸೂಜಿ ಎಷ್ಟು ಸಣ್ಣದೆಂದು ತೋರಿಸಿ, ಅತ್ತಿಗೆಯವರ ಬೆನ್ನುನೋವಿಗೆ ಬಸಿರು, ಬಾಣಂತನ, ಬಿಂದಿಗೆ ಹೊತ್ತ ಇಪ್ಪತ್ತು ವರ್ಷಗಳೂ ಕಾರಣವಿರಬಹುದೆಂದು ವಿವರಿಸಲು ಅರ್ಧ ಗಂಟೆ ಹಿಡಿಯಿತು. ಕೊನೆಗೆ ಒಪ್ಪಿದರು. ನಾನು ಅವರಿಗೆ ಆಕಾಶದ ಮಾತು ಎತ್ತಲಿಲ್ಲ. ರೋಗಿಗೆ ಒಳ್ಳೆಯದಾದದ್ದು ಹೊರಗಿನ ಗಾಳಿಗೂ ಒಳ್ಳೆಯದಾಗಿ ಒದಗಿಬಂದರೆ ಸಂತೋಷ. ಗಾಳಿಯ ನೆಪದಲ್ಲಿ ಒಬ್ಬ ರೋಗಿಯ ಆಯ್ಕೆಯನ್ನೂ ನಾನು ಬದಲಿಸುವುದಿಲ್ಲ. ರಕ್ತನಾಳದಲ್ಲಿ ಪ್ರೊಪೊಫೋಲ್ ಹರಿಸಿಯೇ ಪೂರ್ತಿ ಅರಿವಳಿಕೆ ಕೊಡುವ ಕ್ರಮವೂ ಇದೆ. ಅದಕ್ಕೆ ಸಿರಿಂಜು, ಪಂಪು, ಪ್ಲಾಸ್ಟಿಕ್ ನಳಿಕೆಗಳು ಬೇಕು, ಉಳಿದ ಔಷಧವನ್ನು ಚರಂಡಿಗೆ ಸುರಿಯದೆ ಸುಡಲು ಕಳಿಸಬೇಕು. ಅವನ್ನೆಲ್ಲ ಸೇರಿಸಿದರೂ ಅದರ ಹವಾಮಾನದ ಭಾರ ಡೆಸ್‌ಫ್ಲುರೇನ್, ನೈಟ್ರಸ್‌ಗಳ ಮುಂದೆ ತೀರ ಕಡಿಮೆ.

ಆ ಶೆಡ್ಡಿನ ವಾಷರನ್ನು ಅಂದೇ ಬದಲಾಯಿಸಿದೆವು. ತೂಕದ ಚೀಟಿಯನ್ನು ಹಿಡಿದು ಆಸ್ಪತ್ರೆಯ ಯಜಮಾನರಾದ ಶಸ್ತ್ರವೈದ್ಯರ ಬಳಿ ಹೋದಾಗ ಅವರು ಓಝೋನಿನ ಮಾತನ್ನು ತಾಳ್ಮೆಯಿಂದ ಕೇಳಿಸಿಕೊಂಡರು. ಸಿಲಿಂಡರಿನ ಬಿಲ್ಲು ನೋಡಿ ನಿರ್ಧಾರ ಮಾಡಿದರು. ಎರಡು ತಿಂಗಳ ನಂತರ ಅಲ್ಲಿನ ನೈಟ್ರಸ್ ಕೊಳವೆ ಮುಚ್ಚಿತು. ಯಂತ್ರಕ್ಕೊಂದು ಸಣ್ಣ ನೀಲಿ ಸಿಲಿಂಡರು, ಅದರ ಕತ್ತಿಗೆ ದಾರ ಕಟ್ಟಿದ ಕೀಲಿ. ಕೇಸು ಮುಗಿದ ಮೇಲೆ ವಾಲ್ವು ಮುಚ್ಚುವುದು ಟೆಕ್ನಿಷಿಯನ್ನರ ಜವಾಬ್ದಾರಿ. ಈ ವರ್ಷ ಗಾಳಿಯ ಕಂಪ್ರೆಸರು ಮತ್ತು ಸರ್ಕಲ್ ಸಿಸ್ಟಂ ಇರುವ ಯಂತ್ರ ಬಂದಿದೆ. ನಾನು ಹೋಗುವ ಇನ್ನೊಂದು ಕಡೆ ಮ್ಯಾನಿಫೋಲ್ಡ್ ಉಳಿದಿದೆ, ಆದರೆ ತಿಂಗಳಿಗೊಮ್ಮೆ ಸೋಪಿನ ನೊರೆ ಹಚ್ಚಿ ನೋಡುತ್ತಾರೆ. ಮೂರನೆಯ ಕಡೆ ಹಳೆಯ ಬಾಯ್ಲ್ಸ್ ಯಂತ್ರವೇ, ಬೇನ್ ಸರ್ಕ್ಯೂಟೇ, ಗಾಳಿಯ ಕೊಳವೆಯಿಲ್ಲ. ಅಲ್ಲಿ ನೈಟ್ರಸ್‌ನ ಬಾಬಿನ್ ಈಗಲೂ ತೇಲುತ್ತದೆ, ಆದಷ್ಟು ಕೇಸುಗಳನ್ನು ಬೆನ್ನಿನ ಇಂಜೆಕ್ಷನ್ನಿನಲ್ಲೇ ಮುಗಿಸುತ್ತೇನೆ.

ಹೋದ ವಾರ ಹೊಸ ಯಂತ್ರದಲ್ಲಿ ಥೈರಾಯಿಡ್ ಶಸ್ತ್ರಚಿಕಿತ್ಸೆಯೊಂದು ಎರಡೂವರೆ ಗಂಟೆ ನಡೆಯಿತು. ನಿಮಿಷಕ್ಕೆ ಅರ್ಧ ಲೀಟರ್ ಹರಿವು. ಸುಕ್ಕುನಳಿಕೆಯ ಒಳಮೈಯಲ್ಲಿ ರೋಗಿಯ ಉಸಿರಿನ ನೀರು ಹನಿಗಟ್ಟಿತ್ತು, ಸೋಡಾ ಲೈಮಿನ ಬಿಳಿ ಹರಳುಗಳು ತಳದಿಂದ ಒಂದು ಬೆರಳಿನಷ್ಟು ನೇರಳೆಗೆ ತಿರುಗಿದ್ದವು. ಟೆಕ್ನಿಷಿಯನ್ ಬಂದು ಡಬ್ಬಿಯ ಮೇಲೆ ಅಂಗೈಯಿಟ್ಟು, "ಬಿಸಿ ಇದೆ ಮೇಡಂ, ಕೆಲ್ಸ ಮಾಡ್ತಾ ಇದೆ" ಎಂದರು. ವೇಪರೈಸರಿನ ಗಾಜಿನಲ್ಲಿ ಸೆವೋಫ್ಲುರೇನಿನ ಮಟ್ಟ ಎಷ್ಟು ಇಳಿದಿದೆಯೆಂದು ಬಗ್ಗಿ ನೋಡಿ, ಪೆನ್ನು ತೆಗೆದು, ಚೀಟಿಯಲ್ಲಿ ಬರೆದುಕೊಂಡರು.